ದೆವ್ವಕ್ಕಿದ್ದ ಮರ್ಯಾದೆ

ಕಾಯಿಲೆಗಳಲ್ಲೂ ಮೇಲು ಕೀಳು ಉಂಟೆಂದು ನನಗೆ ಚೆನ್ನಾಗಿ ಮನದಟ್ಟಾದದ್ದು ನನಗೇ ಸಕ್ಕರೆ ಕಾಯಿಲೆ ಬಂದ ಮೇಲೆ. ಹಾಸನದ ನಮ್ಮ ಹೈಸ್ಕೂಲಿನಲ್ಲಿ ಮೇಷ್ಟರುಗಳಿಗೆ ಕಾಫಿ ಬಂದಾಗ, "ನನಗೆ ಸಕ್ಕರೆ ಬೇಡಪ್ಪ" ಎಂದು ಬೇಕಾದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅದು ಉಂಡುಟ್ಟು ಸುಖವಾಗಿರುವವರ ಕಾಯಿಲೆ. ನನ್ನ ಸಂಬಳಕ್ಕೆ ಮೀರಿದ್ದು. ಮೂಲವ್ಯಾಧಿಯವರು ಕೂಡ, ಕೂರಲಾರದಿದ್ದರೂ, ನಿಂತುಕೊಂಡೇ ಅದರ ವರ್ಣನೆ ಮಾಡುತ್ತಾರೆ. ಮನಸ್ಸಿನ ಕಾಯಿಲೆಯನ್ನು ಮಾತ್ರ ಯಾರೂ ಕಾಫಿಯ ಹೊತ್ತಿನಲ್ಲಿ ಬಾಯಿಗೆ ತರುವುದಿಲ್ಲ. ಏಕೆಂದು ನನ್ನ ಅಕ್ಕ ಜಯಮ್ಮನನ್ನು ಕೇಳಬೇಕು.

ನಮ್ಮದು ಚನ್ನರಾಯಪಟ್ಟಣದ ಕಡೆಯ ದಂಡಿಗನಹಳ್ಳಿ. ಅಕ್ಕನನ್ನು ಕೊಣನೂರಿಗೆ ಕೊಟ್ಟಿತ್ತು. ಚೊಚ್ಚಲ ಕೂಸನ್ನು ಎತ್ತಿಕೊಂಡು ತವರಿನಿಂದ ಗಂಡನ ಮನೆಗೆ ಹೋದ ಸ್ವಲ್ಪ ದಿನಕ್ಕೆ ಅದು ಜ್ವರ ಬಂದು ತೀರಿಕೊಂಡಿತು. ಅಕ್ಕ ಅಳಲಿಲ್ಲ. ತಲೆ ಬಾಚುವುದು ಬಿಟ್ಟಳು, ಉಣ್ಣುವುದು ಬಿಟ್ಟಳು, ಕೊನೆಗೆ ಮಾತೂ ಬಿಟ್ಟಳು. ಒಲೆ ಮುಂದೆ ಕೂತರೆ ಬೆಂಕಿ ಆರಿಹೋದದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ಇದು ದೆವ್ವವೇ ಸೈ ಎಂದಳು ಅತ್ತೆ. ಆ ದೆವ್ವಕ್ಕೆ ಎಂಥ ಉಪಚಾರ! ಅದಕ್ಕೊಂದು ಕೋಳಿ, ಅದಕ್ಕೊಂದು ಹೊಸ ಸೀರೆ, ಅದನ್ನು ಮಾತಾಡಿಸಲು ಒಬ್ಬ ಮಂತ್ರವಾದಿ. ಕೋಳಿ ದೆವ್ವಕ್ಕೆ, ಬೇವಿನ ಬರಲು ಅಕ್ಕನಿಗೆ. ನೆಂಟರಿಷ್ಟರೆಲ್ಲ ಬಂದು ಪಾಪ ಎಂದು ಉಂಡು ಹೋದರು. ಅವ್ವ ಹೋದವಳು ಮಗಳ ಬೆನ್ನಿನ ಬಾಸುಂಡೆ ನೋಡಿ, ಯಾರನ್ನೂ ಕೇಳದೆ ಅವಳನ್ನು ಬಸ್ಸು ಹತ್ತಿಸಿಕೊಂಡು ಬಂದಳು.

ಚನ್ನರಾಯಪಟ್ಟಣದ ಡಾಕ್ಟರು ಅಕ್ಕನನ್ನು ಪರೀಕ್ಷೆ ಮಾಡಿ, "ಗೌಡ್ರೇ, ಇದು ದೆವ್ವ ಅಲ್ಲ, ಕಾಯಿಲೆ. ಬೆಂಗಳೂರಿಗೆ ಕರ್ಕೊಂಡು ಹೋಗಿ. ಇದಕ್ಕೇ ಅಂತ ಆಸ್ಪತ್ರೆ ಇದೆ" ಎಂದರು.

ಅಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಉಚ್ಚಾಸ್ಪತ್ರೆಗಾ ಸಾ?"

ನಮ್ಮ ಕಡೆಯವರ ನಾಲಿಗೆಯಲ್ಲಿ ಹಕಾರ ನಿಲ್ಲುವುದಿಲ್ಲ. ಹೀಗಾಗಿ ಸಂಸ್ಕೃತ ಬಲ್ಲವರಿಗೆ ಅದು ಬಹಳ ಎತ್ತರದ ಸ್ಥಳವೆಂಬಂತೆ ಕೇಳಿಸುತ್ತದೆ. ಅಪ್ಪನಿಗೆ ಸಂಸ್ಕೃತ ಬರುತ್ತಿರಲಿಲ್ಲ. "ಅಲ್ಲಿಗೆ ಓದ್ಲು ಅಂದ್ರೆ ನಾಳೆ ಈ ಐದಂಗೆ ಯಾರು ಎಣ್ಣು ಕೊಟ್ಟಾರು?" ಎಂದು ಪಕ್ಕದಲ್ಲಿದ್ದ ನನ್ನ ಕಡೆ ಕೈ ತೋರಿಸಿದ. ಮುಂದೆ ನನಗೆ ಹೆಣ್ಣು ಸಿಗುವುದು ತಡವಾದದ್ದು ನಿಜ. ಆದರೆ ಅದರಲ್ಲಿ ನನ್ನ ಮೂಗಿನ ಪಾಲೂ ಇತ್ತು.

ಅವ್ವ ಅಲ್ಲೇ ಹೇಳಿದಳು: "ಎತ್ತಿನ ಕಾಲು ಉಳುಕಿದ್ರೆ ಎದ್ದೂ ಬಿದ್ದೂ ಡಾಕುಟ್ರ ಕರ್ಕಂಬತ್ತೀಯ. ಮಗ್ಳು ಎತ್ತಿಗಿಂತ ಕಡೆಯಾದ್ಲಾ? ನೀನು ಬರ್ದಿದ್ರೆ ಬುಡು, ನಾನೇ ಕರ್ಕಂಡೋಯ್ತೀನಿ."

ಹೋದಳು. ಅಪ್ಪ ಊರಿನವರಿಗೆಲ್ಲ ತಾಯಿ ಮಗಳು ತಿರುಪತಿಗೆ ಹೋಗಿದ್ದಾರೆಂದು ಹೇಳಿಕೊಂಡು ತಿರುಗಿದ. ವಾರಗಳು ಉರುಳಿದವು, ತಿರುಪತಿ ಇಷ್ಟು ದೂರವೇ ಎಂದು ಊರಿಗೇ ಸೋಜಿಗ. ಅವರು ವಾಪಸು ಬಂದ ದಿನ ಪ್ರಸಾದಕ್ಕೆಂದು ಹೆಂಗಸರು ಜಗಲಿ ತುಂಬ ಸೇರಿದರು. ಅಪ್ಪ ಪೇಟೆಯ ಮಿಠಾಯಿ ಅಂಗಡಿಯಿಂದ ಲಾಡು ತಂದು ಇಟ್ಟಿದ್ದ. ಪಕ್ಕದ ಮನೆಯಾಕೆ ಅಕ್ಕನ ಜಡೆ ನೋಡಿ, "ಮುಡಿ ಕೊಡ್ನಿಲ್ವಾ ಜಯಮ್ಮ?" ಎಂದಳು.

ಅಕ್ಕ ನಕ್ಕಳು. ಅವಳ ನಗು ನೋಡಿ ಎಷ್ಟು ಕಾಲವಾಗಿತ್ತು! "ತಿರುಪತಿಗೆ ಓಗಿರ್ನಿಲ್ಲ ಕಣಕ್ಕ. ಬೆಂಗ್ಳೂರಲ್ಲಿ ಆಸ್ಪತ್ರೇಲಿದ್ದೆ. ಮನ್ಸಿಗೆ ಕಾಯ್ಲೆ ಆಗಿತ್ತು. ಈಗ ವಾಸಿ."

ಲಾಡನ್ನು ಯಾರೂ ಮುಟ್ಟಲಿಲ್ಲ.

ಸುದ್ದಿ ಕೊಣನೂರಿನ ಸಂತೆಗೆ ಬಸ್ಸಿಗಿಂತ ಮೊದಲೇ ಮುಟ್ಟಿರಬೇಕು. ಬಾವನ ಅಣ್ಣ ಬಂದು, ಜಗಲಿಯ ಮೇಲೂ ಕೂರದೆ, "ದೆವ್ವ ಬುಡ್ಸಿ ಕಳ್ಸಿದ್ರೆ ಕರ್ಕಂಡೋಗಾಣ ಅಂತಿದ್ದೋ. ನೀವು ಉಚ್ಚಾಸ್ಪತ್ರೆ ಮೆಟ್ಲು ಅತ್ತುಸ್ಬುಟ್ರಲ್ಲ" ಎಂದು ಹೇಳಿ ಹೋದ. ನೋಡಿ, ದೆವ್ವ ಹಿಡಿದ ಸೊಸೆಗೆ ಆ ಮನೆಯಲ್ಲಿ ಜಾಗವಿತ್ತು. ವಾಸಿಯಾದ ಸೊಸೆಗೆ ಇರಲಿಲ್ಲ. ಬಾವ ಇನ್ನೊಂದು ಮದುವೆಯಾದ. ಹಾಗೆ ಆಗಕೂಡದೆಂದು ಹೊಸ ಕಾನೂನು ಬಂದಿತ್ತು. ಕೊಣನೂರಿನ ಬಸ್ಸು ಅದಕ್ಕೆ ತಪ್ಪಿಹೋಯಿತೋ ಏನೋ.

ಅಕ್ಕ ತವರಲ್ಲೇ ಎಮ್ಮೆ ಸಾಕಿದಳು, ಹೊಲ ನೋಡಿಕೊಂಡಳು. ಯಾವಾಗಲಾದರೂ ಮನಸ್ಸಿಗೆ ಮೋಡ ಕವಿದಂತಾದರೆ ತಾನೇ ಸೀರೆ ಬದಲಾಯಿಸಿ, ಹಲ್ಲು ಕೀಳಿಸಲು ಹೋಗುವವಳಂತೆ, ಬೆಂಗಳೂರಿನ ಬಸ್ಸು ಹತ್ತುತ್ತಿದ್ದಳು. ಎಲ್ಲಿಗೆಂದು ಕೇಳಿದವರಿಗೆ ಇದ್ದದ್ದನ್ನೇ ಹೇಳುತ್ತಿದ್ದಳು. ಆಮೇಲೆ ಕೇಳುವವರೇ ಕಡಿಮೆಯಾದರು.

ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಬಾವನ ಅದೇ ಅಣ್ಣ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಮದುವೆಯ ವಯಸ್ಸಿಗೆ ಬಂದ ಅವನ ಮಗಳು ನಿದ್ದೆ ಬಿಟ್ಟಿದ್ದಾಳೆ, ಒಬ್ಬಳೇ ಮಾತಾಡಿಕೊಳ್ಳುತ್ತಾಳೆ. ಮಂತ್ರವಾದಿ ಕೈ ಚೆಲ್ಲಿದ್ದ. "ಆ ಆಸ್ಪತ್ರೆಗೆ ಎಂಗೋಗ್ಬೇಕು ಜಯಮ್ಮ?" ಎಂದು ನೆಲ ನೋಡುತ್ತ ಕೇಳಿದ. ನಾನಾಗಿದ್ದರೆ ಏನೇನು ಅನ್ನುತ್ತಿದ್ದೆನೋ. ಅಕ್ಕ ಅವನಿಗೆ ನೀರು ಮಜ್ಜಿಗೆ ಕೊಟ್ಟು, "ಯೋಳುದ್ರೆ ತಿಳಿಯಕ್ಕಿಲ್ಲ. ಉಡ್ಗೀನ ಕರ್ಕಂಬನ್ನಿ, ನಾನೇ ಬತ್ತೀನಿ" ಎಂದಳು. ಜೊತೆಗೆ ಹೋಗಿ, ಅಲ್ಲೇ ಇದ್ದು, ಹುಡುಗಿಯ ತಲೆ ಬಾಚಿ, ಉಣ್ಣಿಸಿ, ಗುಣವಾದ ಮೇಲೆ ಕರೆತಂದಳು.

ಆ ಹುಡುಗಿಗೆ ಹೊಳೆನರಸೀಪುರದ ಕಡೆ ಗಂಡು ಗೊತ್ತಾಯಿತು. ಮದುವೆಗೆ ಕರೆಯಲು ಬಂದವರು ಅಪ್ಪನಿಗೆ, ಅವ್ವನಿಗೆ, ನನಗೆ, ಕೊನೆಗೆ ನಮ್ಮ ಪಕ್ಕದ ಮನೆಯಾಕೆಗೂ ಹೇಳಿ ಹೋದರು. ಅಕ್ಕನಿಗೆ ಹೇಳಲಿಲ್ಲ. ಅವಳು ಚಪ್ಪರದಲ್ಲಿ ಕಂಡರೆ ಗಂಡಿನ ಕಡೆಯವರು ಏನಾದರೂ ಕೇಳಿಯಾರು ಎಂಬ ಭಯ. ನಾನು ಹೋಗುವುದಿಲ್ಲವೆಂದೆ. ಅಕ್ಕನೇ ಬೈದು ಕಳಿಸಿದಳು.

ಮದುವೆ ಮುಗಿಸಿಕೊಂಡು ಬಂದಾಗ ಅವಳು ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. "ಉಡ್ಗಿ ಎಂಗಿದ್ಲಾ?"

"ನಗ್ತಿದ್ಲು ಕಣಕ್ಕ."

"ಉಂಡ್ಲಾ?"

"ಚೆನ್ನಾಗೇ ಉಂಡ್ಲು."

"ಅಷ್ಟ್ ಸಾಕು ಬುಡು" ಎಂದು ಅಕ್ಕ ಚೆಂಬು ಹಿಡಿದು ಹಾಲು ಕರೆಯಲು ಕೂತಳು.

ಅವಳಿಗೆ ಅಷ್ಟು ಸಾಕಾಯಿತು. ನನಗೆ ಇವತ್ತಿಗೂ ಸಾಕಾಗಿಲ್ಲ.