ತೋಟಕ್ಕೆ ಹೋಗುತ್ತಿದ್ದ ಬಾಗಿನ

ನಮ್ಮ ಮನೆಯಲ್ಲಿ ದೇವರ ಮಾತಿಗಿಂತ ಮುತ್ತಜ್ಜನ ಮಾತೇ ಹೆಚ್ಚು. ಅಪ್ಪನ ಅಜ್ಜ ಆತ. ಇಂಗ್ಲಿಷರು ಕೊಡಗಿನ ಕಾಡು ಕಡಿದು ಕಾಫಿ ತೋಟ ಮಾಡುತ್ತಿದ್ದ ಕಾಲದಲ್ಲಿ, ಉಪ್ಪಿನ ಮೂಟೆ ಹೇರಿದ ಎತ್ತುಗಳ ಹಿಂದೆ ಮೈಸೂರು ಸೀಮೆಯಿಂದ ನಡೆದು ಬೆಟ್ಟ ಹತ್ತಿದವನು. ಬಿಳಿಯರು ಎಲ್ಲಿ ಬಂಗಲೆ ಕಟ್ಟಿದರೋ ಅಲ್ಲೇ ಒಂದು ಅಂಗಡಿ ಹಾಕಿದ. ದೊರೆಗಳಿಗೆ ಡಬ್ಬಿ ಬೆಣ್ಣೆ, ಬಿಸ್ಕತ್ತು, ಲಾಟೀನು. ಕೂಲಿಯವರಿಗೆ ಉಪ್ಪು, ಹೊಗೆಸೊಪ್ಪು, ಕಂಬಳಿ.

ಆಮೇಲೆ ಬ್ಯಾಂಕೂ ಆತನೇ ಆದ. ತೋಟದ ದೊರೆಗಳ ಕೈಗೆ ದುಡ್ಡು ಬರುತ್ತಿದ್ದದ್ದು ಕಾಫಿ ಬೀಜ ಹಡಗು ಹತ್ತಿ ಲಂಡನ್ನಿನಲ್ಲಿ ಮಾರಾಟವಾದ ಮೇಲೆ. ಅಲ್ಲಿಯವರೆಗೆ ವಾರದ ಬಟವಾಡೆಗೆ ಕಾಸು ಎಲ್ಲಿಂದ ತರುವುದು? ಮುತ್ತಜ್ಜನ ಅಂಗಡಿಯಿಂದ ನಾಣ್ಯದ ಚೀಲಗಳು ಗಾಡಿಯಲ್ಲಿ ತೋಟ ತೋಟಕ್ಕೆ ಹೋಗುತ್ತಿದ್ದವು. ಆತ ಚೀಲ ಕಳಿಸದಿದ್ದರೆ ದೊರೆಯ ತೋಟದಲ್ಲಿ ಒಂದು ಹಣ್ಣೂ ಕೊಯ್ಲಾಗುತ್ತಿರಲಿಲ್ಲ. ಆದರೂ ಬಂಗಲೆಯಲ್ಲಿ ಅವನಿಗೆ ಕುರ್ಚಿ ಕೊಡುವವರಿರಲಿಲ್ಲ. ವರಾಂಡದಲ್ಲಿ ನಿಂತೇ ಮಾತಾಡಬೇಕು. ಅದಕ್ಕೆ ಮುತ್ತಜ್ಜ ಒಂದು ಮಡಿಸುವ ಕುರ್ಚಿ ಮಾಡಿಸಿಕೊಂಡು, ಹೋದಲ್ಲೆಲ್ಲ ತಾನೇ ಕಂಕುಳಲ್ಲಿಟ್ಟುಕೊಂಡು ಹೋಗಿ, ದೊರೆಯ ಎದುರಿಗೆ ಬಿಡಿಸಿ ಕೂರುತ್ತಿದ್ದನಂತೆ. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನುತ್ತಿದ್ದನಂತೆ. ಇದನ್ನು ಹೇಳುವಾಗ ಅಪ್ಪನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಕೇಳುವಾಗ ನನ್ನದೂ.

ಮುತ್ತಜ್ಜಿಯ ಬಗ್ಗೆ ಮಾತ್ರ ಕಥೆ ಕಡಿಮೆ. ಅವಳೂ ಸೆಟ್ಟರ ಮನೆಯವಳೇ, ಪ್ಲೇಗಿನಲ್ಲಿ ಅವಳ ತವರು ಪೂರ್ತಿ ಹೋಯಿತು ಅಂತಷ್ಟೇ. ತವರಿಲ್ಲದ ಹೆಣ್ಣು ಎಂದು ಪಾಪ ಅನ್ನಿಸುತ್ತಿತ್ತು.

ಗೌರಿ ಹಬ್ಬದಲ್ಲಿ ನಮ್ಮಲ್ಲೊಂದು ವಿಶೇಷವಿತ್ತು. ಮದುವೆಯಾದ ಹೆಣ್ಣು ಹೆತ್ತ ತಾಯಿಗೆ ಮೊರದ ಬಾಗಿನ ಕೊಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮ ಮನೆಯಲ್ಲಿ ಇನ್ನೊಂದು ಜೊತೆ ಮೊರ ಹೆಚ್ಚಿಗೆ ತುಂಬುತ್ತಿದ್ದರು. ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ಬೇಳೆ, ಬೆಲ್ಲ, ಯಾವುದರಲ್ಲೂ ಕಡಿಮೆ ಮಾಡುವಂತಿಲ್ಲ. ಅದು ತೋಟದ ಲೈನ್ ಮನೆಗಳಿಗೆ, ಎಂದರೆ ಕೂಲಿಯವರು ಸಾಲಾಗಿ ವಾಸವಿದ್ದ ಮನೆಗಳಿಗೆ ಹೋಗುತ್ತಿತ್ತು. ಮುತ್ತಜ್ಜನ ಕಾಲದಿಂದ ನಡೆದುಬಂದ ದಾನ, ಬಡವರ ಮೇಲೆ ಅವನಿಗೆ ಅಷ್ಟು ಕರುಣೆ ಎಂದು ಅಪ್ಪ ಹೇಳುತ್ತಿದ್ದರು.

ಆ ಕರುಣೆಯನ್ನು ನಾನು ಸ್ವೀಡನ್ನಿನವರೆಗೂ ಹೊತ್ತು ತಂದೆ. ನಾನಿರುವ ಮೋಲ್ನ್‌ಡಾಲ್‌ ಊರಿನಲ್ಲಿ ಮೊರ ಎಲ್ಲಿ ಸಿಗಬೇಕು? ಎರಡು ಬೆತ್ತದ ಬ್ರೆಡ್ ಬುಟ್ಟಿ ತಂದು, ಬಳೆ ಬೆಲ್ಲ ತುಂಬಿ, ಪ್ರತಿ ಗೌರಿಗೆ ಮಹಡಿಯ ಮೇಲಿನ ಒಂಟಿ ಮುದುಕಿಗೆ ಕೊಡುತ್ತಿದ್ದೆ. ಜೊತೆಗೆ ನನ್ನ ಮುತ್ತಜ್ಜ ಎಂಥ ದೊಡ್ಡ ಮನುಷ್ಯ ಅಂತ ಒಂದು ಭಾಷಣ. ಪಾಪ ಆಕೆ ಬೆಲ್ಲ ಚೀಪುತ್ತಾ ಎಲ್ಲಕ್ಕೂ ತಲೆಯಾಡಿಸುತ್ತಿದ್ದಳು.

ಇಷ್ಟು ಹೆಮ್ಮೆಗೆ ನಾನು ಬೆಲೆಯನ್ನೂ ತೆತ್ತಿದ್ದೆ. ಮೈಸೂರಿನಲ್ಲಿ ಎಂಎಸ್ಸಿ ಓದುವಾಗ ನಾನೊಬ್ಬನನ್ನು ಇಷ್ಟಪಟ್ಟಿದ್ದೆ. ನಮ್ಮ ಪೇಟೆಯವನೇ. ಅವನಪ್ಪ ತೋಟದಲ್ಲಿ ರೈಟರು, ಹಾಜರಿ ಬರೆಯುವ ಕೆಲಸ. ಅವನಜ್ಜಿ ಲೈನ್ ಮನೆಯಲ್ಲಿದ್ದು ಕಾಫಿ ಕೊಯ್ದವಳು. ಅವನ ಕಡೆಯ ಹಿರಿಯರು ಬಾಳೆಹಣ್ಣು, ಎಲೆಅಡಿಕೆ ಹಿಡಿದುಕೊಂಡು ಕೇಳಲು ಬಂದರು. ನಾನು ಅಡುಗೆಮನೆಯಲ್ಲಿದ್ದೆ. ಜಗುಲಿಯಲ್ಲಿ ಸ್ವಲ್ಪ ಹೊತ್ತು ಮೆಲ್ಲನೆ ಮಾತು ನಡೆಯಿತು. ಆಮೇಲೆ ಅಪ್ಪ ಕಿರುಚಿದ್ದು ಕೇಳಿಸಿತು.

"ದೊರೆಗಳ ಎದುರು ಕುರ್ಚಿ ಹಾಕ್ಕೊಂಡು ಕೂತವರ ಮನೆ ಇದು. ಲೈನ್ ಮನೆಯವರು ಹೆಣ್ಣು ಕೇಳೋಕೆ ಬರ್ತೀರಾ? ಇಳೀರಿ ಕೆಳಗೆ."

ನಾನು ಹೊರಗೆ ಬರುವಷ್ಟರಲ್ಲಿ ಅವರು ಹೋಗಿದ್ದರು, ಎಲೆಅಡಿಕೆ ಅಂಗಳದಲ್ಲಿ ಚೆಲ್ಲಿತ್ತು. ಅವರು ಮುತ್ತಜ್ಜನ ಬಗ್ಗೆ ಬಾಯಿಗೆ ಬಂದಂತೆ ಮಾತಾಡಿದರು, ಮನೆತನಕ್ಕೆ ಮಸಿ ಬಳಿಯಲು ಬಂದಿದ್ದರು ಎಂದು ಅಪ್ಪ ಹೇಳಿದರು. ಅಪ್ಪನ ಕಣ್ಣಲ್ಲಿ ನೀರಿತ್ತು. ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಂಬಿದೆ. ಅಳುತ್ತಾ ಊಟ ಬಿಟ್ಟೆ, ಕೊನೆಗೆ ಅಪ್ಪ ತೋರಿಸಿದವನನ್ನು ಮದುವೆಯಾದೆ. ನನ್ನ ಗಂಡ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯವನು ಎನ್ನುವುದೂ ನಾನು ಬಯಸಿದವನು ಎನ್ನುವುದೂ ಬೇರೆ ಬೇರೆ ಎಂದು ಗೊತ್ತಾಗದಷ್ಟು ದಡ್ಡಿ ನಾನಲ್ಲ. ಮನೆತನಕ್ಕಾಗಿ ಬಿಟ್ಟೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಕೆಲವು ತಿಂಗಳ ಮಟ್ಟಿಗೆ ಇಲ್ಲಿಗೆ ಕರೆಸಿಕೊಂಡೆ. ನಾನು ಔಷಧ ಸಂಶೋಧನೆಯ ಲ್ಯಾಬಿಗೆ ಹೋದರೆ ಮನೆಯಲ್ಲಿ ಅವರೊಬ್ಬರೇ. ಮಧ್ಯಾಹ್ನ ಸ್ಕೂಲು ಮುಗಿಸಿ ಬರುವ ನನ್ನ ಮಗಳೇ ಅವರಿಗೆ ಜೊತೆ. ಅವಳು ಆಗ ಆರನೇ ತರಗತಿ. ಇಲ್ಲೇ ಹುಟ್ಟಿದವಳು. ಕನ್ನಡ ಕೇಳಿದರೆ ತಿಳಿಯುತ್ತದೆ, ಬಾಯಿ ತೆರೆದರೆ ಬರುವುದು ಸ್ವೀಡಿಷ್, ಇಲ್ಲದಿದ್ದರೆ ಇಂಗ್ಲಿಷ್. ಅಪ್ಪನಿಗೆ ಹಳೆಯ ಕಾಲದ ಗಟ್ಟಿ ಇಂಗ್ಲಿಷ್ ಬರುತ್ತಿತ್ತು. ಇಬ್ಬರೂ ಬಾಲ್ಕನಿಯಲ್ಲಿ ಕೂತು, ಹುರಿಗಡಲೆ ಮೆಲ್ಲುತ್ತಾ ಅದೇನೋ ಗುಸುಗುಸು ಮಾಡುತ್ತಿದ್ದರು. ನಾನು ಬಂದರೆ ಮಾತು ನಿಲ್ಲುತ್ತಿತ್ತು.

"ಏನೇ ಅದು?" ಎಂದರೆ ಮಗಳು, "ಸ್ಕೂಲ್ ಪ್ರಾಜೆಕ್ಟ್, ಅಮ್ಮ. ಸರ್ಪ್ರೈಸ್," ಎನ್ನುತ್ತಿದ್ದಳು.

ನಮ್ಮ ಕುಟುಂಬದಲ್ಲಿ ಮೊದಲು ಊರು ಬಿಟ್ಟು ಬೇರೆ ಕಡೆ ನೆಲೆಸಿದವರು ಯಾರು ಎಂಬುದು ಪ್ರಾಜೆಕ್ಟು. ತರಗತಿಯ ಮಕ್ಕಳೆಲ್ಲ ಮನೆಯ ಹಿರಿಯರನ್ನು ಕೇಳಿ ತಿಳಿದು, ಪೋಷಕರ ಮುಂದೆ ಹೇಳಬೇಕು. ಇವಳು ಮುತ್ತಜ್ಜನನ್ನೇ ಆರಿಸಿಕೊಂಡಿದ್ದಾಳೆ ಎಂದು ಅಪ್ಪ ಬೀಗುತ್ತಿದ್ದರು. ನನಗೂ ಖುಷಿಯೇ. ಸ್ವೀಡಿಷರಿಗೂ ಗೊತ್ತಾಗಲಿ ಬಿಡು ಅಂದುಕೊಂಡೆ.

ಮೇ ತಿಂಗಳ ಒಂದು ಸಂಜೆ ಸ್ಕೂಲಿಗೆ ಹೋದೆವು. ನನ್ನ ಗಂಡ ಆ ವಾರ ಕೆಲಸದ ಮೇಲೆ ನಾರ್‌ಶೋಪಿಂಗ್‌ಗೆ ಹೋಗಿದ್ದ. ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಮೇಲೆ ನನ್ನ ಗಂಡನ ದಪ್ಪ ಜಾಕೆಟ್ ಹಾಕಿಕೊಂಡಿದ್ದರು. ಮಕ್ಕಳ ಕುರ್ಚಿಗಳಲ್ಲಿ ಮೊಣಕಾಲು ಮಡಚಿ ಕೂತೆವು. ಫೀಕಾಗೆ, ಎಂದರೆ ಇಲ್ಲಿಯವರ ಕಾಫಿ-ತಿಂಡಿಗೆ, ದಾಲ್ಚಿನ್ನಿ ಬನ್ನು, ಫ್ಲಾಸ್ಕಿನಲ್ಲಿ ಕಾಫಿ. ಒಂದು ಗುಟುಕು ಕುಡಿದ ಅಪ್ಪ, "ಇದನ್ನ ನಮ್ಮ ಕಡೆ ಲೋಟ ತೊಳೆದ ನೀರು ಅಂತಾರೆ," ಎಂದು ನನ್ನ ಕಿವಿಯಲ್ಲಿ ಹೇಳಿದರು. ನಕ್ಕೆ. ಅಪ್ಪನೊಂದಿಗೆ ಹಾಗೆ ಮನಸ್ಸು ಬಿಚ್ಚಿ ನಕ್ಕದ್ದು ಅದೇ ಕೊನೆ.

ಮಗಳು ಎದ್ದು ನಿಂತು ಸ್ವೀಡಿಷಿನಲ್ಲಿ ಶುರು ಮಾಡಿದಳು. ಎತ್ತು, ಉಪ್ಪು, ನಾಣ್ಯದ ಚೀಲ, ಕುರ್ಚಿ ಎಲ್ಲ ಬಂತು. ಜನ ನಕ್ಕರು. ಅಪ್ಪನೂ ನಕ್ಕರು. ಆಮೇಲೆ ಅವಳು ಹೀಗೆಂದಳು: ಇದು ಎಲ್ಲರಿಗೂ ಹೇಳುವ ಕಥೆ. ಇನ್ನು ತಾತ ನನಗೊಬ್ಬಳಿಗೇ ಹೇಳಿದ ಕಥೆ.

ವ್ಯಾಪಾರಿಗೆ ತೋಟದ ಲೈನ್ ಮನೆಯ ಒಬ್ಬ ಹುಡುಗಿ ಇಷ್ಟವಾದಳು. ತೋಟದೊಳಗಿನ ಪುಟ್ಟ ಗುಡಿಯಲ್ಲಿ ಮದುವೆಯಾದ. ಆದರೆ ತನ್ನ ಜಾತಿಯವರಿಗೆ ಅವಳನ್ನು ತನ್ನ ಜಾತಿಯವಳೇ ಎಂದು ಹೇಳಿದ, ಅವಳ ತಂದೆತಾಯಿ ರೋಗ ಬಂದು ಸತ್ತರು ಎಂದ. ಅವರು ಸತ್ತಿರಲಿಲ್ಲ. ಅಲ್ಲೇ, ಅಂಗಡಿಯ ಎದುರಿನ ಗುಡ್ಡದಲ್ಲೇ ಇದ್ದರು. ಮಗಳ ಮನೆಯ ಬಾಗಿಲಿಗೆ ಬರಬಾರದು ಎಂದು ಅವರಿಗೆ ಕಟ್ಟಪ್ಪಣೆ. ತಾಯಿ ವಾರಕ್ಕೊಮ್ಮೆ ಅಂಗಡಿಗೆ ಬಂದು, ಒಳಗಿದ್ದ ಮಗಳಿಗೆ ಕೇಳಲಿ ಎಂದು ಗಟ್ಟಿಯಾಗಿ ಉಪ್ಪು ಕೇಳುತ್ತಿದ್ದಳು. ಮಗಳು ಒಳಗಿನಿಂದ ತನ್ನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕೂಗುತ್ತಿದ್ದಳು, ಮೊಮ್ಮಕ್ಕಳ ಹೆಸರಾದರೂ ತಾಯಿಗೆ ತಿಳಿಯಲಿ ಎಂದು. ವರ್ಷಕ್ಕೊಂದು ಹಬ್ಬದ ದಿನ ಮಾತ್ರ ತಾಯಿಗೆ ಒಂದು ಬುಟ್ಟಿ ಉಡುಗೊರೆ ಕಳಿಸಲು ಅವಳಿಗೆ ಅಪ್ಪಣೆ ಇತ್ತು. ನನ್ನ ಅಮ್ಮ ಅದನ್ನು ಇಲ್ಲಿಯೂ ಮಾಡುತ್ತಾಳೆ, ಆದರೆ ಯಾಕೆಂದು ಅವಳಿಗೆ ಗೊತ್ತಿಲ್ಲ.

ಕೊನೆಯ ಮಾತನ್ನು ಹೇಳುವಾಗ ನನ್ನ ಕಡೆ ನೋಡಿ ನಕ್ಕಳು. ಅಮ್ಮನಿಗೊಂದು ಉಡುಗೊರೆ ಕೊಡುತ್ತಿದ್ದೇನೆ ಎಂದುಕೊಂಡಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವೀಡಿಷಿನ ಒಂದು ಅಕ್ಷರವೂ ತಿಳಿಯದ ಅಪ್ಪ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಟೀಚರ್ ಬಂದು ಅಪ್ಪನ ಕೈ ಕುಲುಕಿದರು. ನಾನು ಬನ್ನು ಕೈಯಲ್ಲಿ ಹಿಡಿದು ಕೂತೇ ಇದ್ದೆ. ನನಗೆ ಸಿಟ್ಟು ಬಂದಿತ್ತು. ಮುತ್ತಜ್ಜನ ಮೇಲಲ್ಲ. ಸತ್ತು ಎಷ್ಟೋ ಕಾಲವಾದವನ ಮೇಲೆ ಯಾರು ಸಿಟ್ಟು ಮಾಡುತ್ತಾರೆ? ಚಪ್ಪಾಳೆ ತಟ್ಟುತ್ತಿದ್ದ ಈ ಮನುಷ್ಯನ ಮೇಲೆ.

ಹೊರಗೆ ಇನ್ನೂ ಬಿಸಿಲಿತ್ತು. ಟ್ರಾಮ್ ನಿಲ್ದಾಣದಲ್ಲಿ ನಾವು ಮೂವರೇ. ಕೇಳಿಯೇಬಿಟ್ಟೆ.

"ಮುತ್ತಜ್ಜಿ ತವರು ಲೈನ್ ಮನೆ ಅಂತ ನನಗ್ಯಾಕೆ ಹೇಳಲಿಲ್ಲ, ಅಪ್ಪ?"

ಅಪ್ಪ ಬೆಚ್ಚಿ ಮೊಮ್ಮಗಳ ಕಡೆ ತಿರುಗಿದರು. "ನೀನು ಸ್ವೀಡಿಷಲ್ಲಿ ತಾನೇ ಹೇಳಿದ್ದು?"

"ನಂಗೆ ಸ್ವೀಡಿಷ್ ಬರುತ್ತಪ್ಪ. ಇಷ್ಟು ವರ್ಷದಿಂದ ಇಲ್ಲೇ ಇದೀನಲ್ಲ."

"ನಿಂದು ಅಂಗಡಿ ಸಾಮಾನು ತರೋವಷ್ಟು ಮಾತು ಅಂದ್ಕೊಂಡಿದ್ದೆ ಕಣಮ್ಮ," ಎಂದರು. "ಈ ಜನಕ್ಕೆ ಹೇಳಿದ್ರೆ ಯಾರ ಕಿವಿಗೆ ಹೋಗುತ್ತೆ? ಅವಳು ಕೂತ್ಕೊಂಡು ಬಿಡದೆ ಕೇಳಿದ್ಲು. ಒಂದ್ಸಲ ಯಾರ ಹತ್ರನಾದ್ರೂ ಹೇಳ್ಬೇಕು ಅನ್ನಿಸ್ತು. ನನಗೂ ವಯಸ್ಸಾಯ್ತು."

ಬಿಳಿಯರಿಗೆ ಹೇಳಬಹುದು. ಮೊಮ್ಮಗಳಿಗೆ ಹೇಳಬಹುದು. ಮಗಳಿಗೆ ಮಾತ್ರ ಪ್ಲೇಗಿನ ಕಥೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸುಮ್ಮನೆ ಹೇಳಿಲ್ಲ.

"ಅವತ್ತು ಅವರು ಎಲೆಅಡಿಕೆ ಹಿಡ್ಕೊಂಡು ಬಂದಾಗ ನಿಮಗಿದು ಗೊತ್ತಿತ್ತಾ?"

ಅಪ್ಪ ಹಳಿಯ ಕಡೆ ತಿರುಗಿದರು. ಸುಳ್ಳು ಹೇಳುತ್ತಾರೆ ಅಂದುಕೊಂಡೆ. ಹೇಳಿದ್ದರೆ ಚೆನ್ನಾಗಿತ್ತೇನೋ.

"ಗೊತ್ತಿತ್ತು. ಚಿಕ್ಕೋನಿದ್ದಾಗ ನಮ್ಮಜ್ಜಿನೇ ಹೇಳಿದ್ರು. ಆ ಹುಡುಗನ ಅಜ್ಜಿ ಇದ್ರಲ್ಲ, ಅವರು ನಮ್ಮಜ್ಜಿ ತಂಗಿ ಮಗಳು. ಬಂದವರು ಅದನ್ನೇ ಹೇಳಿದ್ದು. ಸೆಟ್ರೇ, ಇದು ಹಳೇ ನೆಂಟಸ್ತನ, ಹೊಸದೇನಲ್ಲ ಅಂತ. ಮರ್ಯಾದೆಯಿಂದಾನೇ ಹೇಳಿದ್ರು."

"ಅದಕ್ಕೇ ಇಳಿಸಿ ಕಳಿಸಿದ್ರಾ?"

"ಅದಕ್ಕೇ."

ಅವರು ಯಾರನ್ನೂ ಬೈದಿರಲಿಲ್ಲ. ಮನೆತನಕ್ಕೆ ಮಸಿ ಬಳಿಯಲು ಬಂದಿರಲಿಲ್ಲ. ಬೀಗತನ ಕೇಳಲು ಬಂದ ನೆಂಟರು ಅವರು. ಅಪ್ಪನ ಕಣ್ಣಲ್ಲಿ ಅಂದು ಬಂದ ನೀರು ಹೆದರಿಕೆಯದ್ದು. ನಾನು ಅದನ್ನು ಅವಮಾನ ಎಂದು ತಿಳಿದು, ಆ ನೀರಿಗೆ ನನ್ನ ಬದುಕನ್ನೇ ಒಪ್ಪಿಸಿದ್ದೆ. ಇಷ್ಟು ವರ್ಷ ನಾನು ಕಾದದ್ದು ಮನೆತನವನ್ನಲ್ಲ, ಈ ಮನುಷ್ಯನ ಗುಟ್ಟನ್ನು. ಅದೂ ನನಗೇ ಗೊತ್ತಿಲ್ಲದ ಗುಟ್ಟು.

"ನನಗೆ ಹೇಳಬಹುದಿತ್ತು," ಎಂದೆ.

"ಹೇಳಿದ್ರೆ ನೀನು ಹೋಗ್ಬಿಡ್ತಿದ್ದೆ."

"ಹೂಂ, ಹೋಗ್ತಿದ್ದೆ."

ನಮ್ಮಿಬ್ಬರ ನಡುವೆ ನಿಂತಿದ್ದ ಮಗಳು ತಲೆ ಎತ್ತಿದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಪರೂಪಕ್ಕೆ ಕನ್ನಡದಲ್ಲೇ ಕೇಳಿದಳು, "ನೀನು ಹೋಗಿದ್ರೆ ನಾನು?"

ಅಪ್ಪ ತಟ್ಟನೆ ಅವಳ ಹೆಗಲ ಮೇಲೆ ಕೈ ಹಾಕಿ ತನ್ನ ಮುಂದಕ್ಕೆ ಎಳೆದುಕೊಂಡರು. "ನೋಡು, ಮಗು ಕೇಳ್ತಿದೆ. ಈಗ ಹೇಳು," ಎಂದರು. ದನಿಯಲ್ಲಿ ನೆಮ್ಮದಿ ಇತ್ತು, ವ್ಯಾಪಾರ ಕುದುರಿದವರ ನೆಮ್ಮದಿ. ನನ್ನ ಮಗಳನ್ನೇ ಅಡ್ಡ ನಿಲ್ಲಿಸಿಕೊಂಡಿದ್ದರು. ಅಂದು ನನ್ನನ್ನು ಅತ್ತು ಕಟ್ಟಿಹಾಕಿದವರು ಇಂದು ಅವಳನ್ನು ಹಿಡಿದು ನನ್ನನ್ನು ಕಟ್ಟಿಹಾಕಲು ಹೊರಟಿದ್ದರು. ಅದನ್ನು ಮಾತ್ರ ನಾನು ಇವತ್ತಿಗೂ ಕ್ಷಮಿಸಿಲ್ಲ.

ಅವಳ ಕೈ ಹಿಡಿದು ನನ್ನ ಪಕ್ಕಕ್ಕೆ ಕರೆದುಕೊಂಡೆ. ಬಗ್ಗಿ, ಸ್ವೀಡಿಷಿನಲ್ಲಿ ಹೇಳಿದೆ: "ನಾನು ಹೋಗಿದ್ದರೆ ನೀನು ಇರುತ್ತಿರಲಿಲ್ಲ. ನೀನಿರುವುದಕ್ಕಿಂತ ದೊಡ್ಡ ಸಂತೋಷ ನನಗಿಲ್ಲ. ಆದರೂ ತಾತ ನನಗೆ ಮೋಸ ಮಾಡಿದ್ದಾರೆ. ಎರಡೂ ನಿಜ." ಅವಳು ತಲೆಯಾಡಿಸಿದಳು.

"ಏನಂದೆ ಅವಳಿಗೆ?" ಎಂದು ಅಪ್ಪ ಕೇಳಿದರು.

ಟ್ರಾಮ್ ಬಂತು, ಹತ್ತಿ ಕೂತೆವು. ಅಪ್ಪ ಮೊಮ್ಮಗಳ ಪಕ್ಕಕ್ಕೆ ಸರಿದು, ತಗ್ಗಿದ ದನಿಯಲ್ಲಿ ಇಂಗ್ಲಿಷಿನಲ್ಲಿ ಅವಳನ್ನೇ ಕೇಳಿದರು, ನಿನ್ನಮ್ಮ ಏನು ಹೇಳಿದಳು ಎಂದು. ಅವಳು ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, "ನಥಿಂಗ್, ತಾತ," ಎಂದಳು.