ಕೈ ಒಪ್ಪಿದ ಲೆನ್ಸ್

ಪೀಣ್ಯದ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ನೋಡುವುದು ಶಿವಗಂಗಾಳ ಕೆಲಸ. ನಾಗಸಂದ್ರದ ಬಾಡಿಗೆ ಕೋಣೆಯಿಂದ ಅವಳು ನಡೆದೇ ಹೋಗುತ್ತಾಳೆ. ದಾರಿಯಲ್ಲಿ ಒಂದು ಕೆರೆ. ಕೊಪ್ಪಳದಿಂದ ಬಂದ ಹೊಸತರಲ್ಲಿ, ಈ ಊರಿನಲ್ಲಿ ಅವಳ ಹೆಸರು ಹಿಡಿದು ಕರೆಯುವವರೇ ಇಲ್ಲದಿದ್ದಾಗ, ಅವಳು ಆ ಕೆರೆಯ ಹಕ್ಕಿಗಳ ಹೆಸರು ಕಲಿತಳು. ಆಮೇಲೆ ಒಂದು ಹಳೆಯ ಕ್ಯಾಮೆರಾ ಕೊಂಡಳು. ಪಾಳಿಗೆ ತಡವಾಗದಂತೆ ನಡೆಯುತ್ತಲೇ ಫೋಟೊ ತೆಗೆಯುವುದು ರೂಢಿಯಾಯಿತು.

ಹೋದ ವರ್ಷ ಬಸ್ಸಿನಿಂದ ಇಳಿಯುವಾಗ ಬಿದ್ದು ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿದರೂ ಭಾರ ಹಿಡಿದರೆ ಕೈ ನಡುಗುತ್ತಿತ್ತು. ಇನ್ನೊಮ್ಮೆ ಕೆಡಿಸಿಕೊಂಡರೆ ಅಳತೆಯ ಕೆಲಸವೂ ಕೈತಪ್ಪುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು. ಅಷ್ಟರಲ್ಲಿ ಹಳೆಯ ಲೆನ್ಸಿಗೆ ಬೂಷ್ಟು ಹಿಡಿದಿತ್ತು. ಹೊಸದು ಬೇಕಿತ್ತು.

"ಸಣ್ಣದ್ ತಗೊಂಡ್ರೆ ಕಾಗೆ ಬಿಟ್ಟು ಏನೂ ಬರಲ್ಲ ಅಕ್ಕ," ಎಂದ ನಂದೀಶ್. ಕೆರೆ ಏರಿಯ ಮೇಲೆ ದಿನವೂ ಸಿಗುವ, ತೋಳುದ್ದದ ಲೆನ್ಸಿನ ಹುಡುಗ.

"ಕಾಗಿ ಏನ್ ಪಾಪ ಮಾಡೇತೋ?" ಎಂದು ನಕ್ಕಳು. ಆದರೆ ಅವನ ಎರಡು ಕಿಲೋ ಲೆನ್ಸಿನಲ್ಲಿ ಒಮ್ಮೆ ಇಣುಕಿದ್ದಳು. ಆಚೆ ದಡದ ಮಿಂಚುಳ್ಳಿಯ ಕೊಕ್ಕಿನ ನೀರಹನಿಯೂ ಕಂಡಿತ್ತು. ಮನಸ್ಸು ಅಲ್ಲೇ ಉಳಿಯಿತು.

ದೊಡ್ಡದೋ ಸಣ್ಣದೋ ಎಂಬ ಅವಳ ಗೊಂದಲವನ್ನು ಊಟದ ಬಿಡುವಿನಲ್ಲಿ ಕೇಳಿಸಿಕೊಂಡವರು ಹನುಮಂತಯ್ಯ. ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವರು. "ಅವ್ರಿವ್ರನ್ನ ಯಾಕಮ್ಮ ಕೇಳ್ತೀಯ? ನಿನ್ ಕೈಯನ್ನೇ ಕೇಳು," ಎಂದು ಸಂಜೆಯೊಳಗೆ ಗುಜರಿ ಉಕ್ಕಿನಲ್ಲಿ ಎರಡು ಗುಂಡನೆಯ ತುಂಡು ಕಡೆದುಕೊಟ್ಟರು. ಒಂದು ದೊಡ್ಡ ಲೆನ್ಸಿನಷ್ಟೇ ತೂಕ. ಇನ್ನೊಂದು ಏಳುನೂರು ಗ್ರಾಂ, ಸಣ್ಣ ಲೆನ್ಸಿನಷ್ಟು. "ಇಡ್ಕೊಂಡು ಓಡಾಡು."

ಗೇಟಿನ ಕಾವಲುಗಾರ, "ಯಾರಿಗೆ ಹೊಡೀಯಕ್ಕೆ ಅಕ್ಕ?" ಎಂದು ಚುಡಾಯಿಸಿದ. ಎರಡು ದಿನ ದೊಡ್ಡ ತುಂಡನ್ನೇ ಎತ್ತಿ ನೋಡಿದಳು. ಕೈ ನಡುಗಲಿಲ್ಲ. ಭಾನುವಾರ ದೊಡ್ಡದನ್ನೇ ತರುವುದೆಂದು ಕುಣಿಯುವ ಮನಸ್ಸಿನಿಂದ ಎಲ್ಲರಿಗೂ ಹೇಳಿದಳು.

ಶನಿವಾರ ಹನುಮಂತಯ್ಯ ಅವಳ ಮೇಜಿನ ಬಳಿಗೇ ಬಂದರು. ಮುಖ ಸಪ್ಪಗಿತ್ತು.

"ತಪ್ಪಾಗೋಯ್ತು ಕಣಮ್ಮ. ತೂಕ ನೋಡ್ದೆ, ಉದ್ದ ನೋಡ್ಲಿಲ್ಲ. ಆ ಗುಂಡು ಮುಷ್ಟೀಲಿ ಕೂತ್ಕೊಂಬುಡ್ತದೆ. ಲೆನ್ಸಿಗೆ ಗಾಜೆಲ್ಲ ಮುಂದ್ಗಡೆ ಇರ್ತದಲ್ಲ?"

ಅವರು ಎರಡು ಹೊಸ ಕೊಳವೆ ತಂದಿದ್ದರು, ಲೆನ್ಸುಗಳಷ್ಟೇ ಉದ್ದ, ಭಾರವೆಲ್ಲ ತುದಿಗೆ. ಅವಳು ದೊಡ್ಡದನ್ನು ಕಣ್ಣಿನ ಮಟ್ಟಕ್ಕೆ ಎತ್ತಿದಳು. ಹತ್ತು ಎಣಿಸುವಷ್ಟರಲ್ಲಿ ಮಣಿಕಟ್ಟಿನ ಸುತ್ತ ನೋವು ಹರಿದು, ಕೊಳವೆಯ ತುದಿ ಅಲುಗಾಡತೊಡಗಿತು. ಮೆಲ್ಲನೆ ಕೆಳಗಿಟ್ಟಳು. ಸಣ್ಣದನ್ನು ಎತ್ತಿದಳು. ನೂರು ದಾಟಿದರೂ ತುದಿ ಅಲುಗಲಿಲ್ಲ.

"ಆಚಿ ದಂಡಿ ಹೋತು ಬಿಡ್ರಿ," ಎಂದಳು.

"ಈಚೆ ದಡ ಐತಲ್ಲವ್ವ."

ಭಾನುವಾರ ಸಣ್ಣದನ್ನೇ ತಂದಳು. ಮರುದಿನ ಬೆಳಿಗ್ಗೆ ಏರಿಯ ಮೇಲೆ ನಡೆಯುತ್ತಿದ್ದಾಗ ಚೀಲದಂಥ ಕೊಕ್ಕಿನ ಹೆಜ್ಜಾರ್ಲೆಯೊಂದು ತಲೆಯ ಮೇಲೆ ಹಾದುಹೋಯಿತು. ಹೆಜ್ಜೆ ನಿಲ್ಲಿಸದೆ ಕೈ ಎತ್ತಿದಳು, ಕ್ಲಿಕ್ಕಿಸಿದಳು. ಕಾರ್ಖಾನೆ ತಲುಪಿದಾಗ ಕೈ ಹಗುರವಾಗಿಯೇ ಇತ್ತು.

ಚಿತ್ರ ನೋಡಿ ಹನುಮಂತಯ್ಯ ಕಣ್ಣು ಕಿರಿದು ಮಾಡಿದರು. "ಹಕ್ಕಿ ಇಷ್ಟೇ ಇಷ್ಟ್ ಐತಲ್ಲ?"

"ಅದು ಮ್ಯಾಲ ಇತ್ರಿ. ನನ್ನ ಕೈಗೆ ಏನೂ ಆಗ್ಲಿಲ್ಲ." ಕ್ಯಾಮೆರಾವನ್ನು ಚೀಲಕ್ಕಿಡುತ್ತ ಹೇಳಿದಳು, "ನಿಮ್ಮ ಸುದ್ದಿ ನಮ್ಮ ಅವ್ವಗ ಹೇಳೀನ್ರಿ."

"ಏನಂತ?"

"ಇಲ್ಲಿ ನನ್ನ ಕೈ ಕಾಯೋರು ಒಬ್ರು ಅದಾರಂತ."