ಗದ್ದೆಯ ಆಚೆಯ ಮೋಟರು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಮಳೆಗಾಲ ಕಳೆಯಲಿ ಎಂದೆ. ಆಮೇಲೆ ಮಗಳ ಹೊಸ ಮನೆಯ ಒಕ್ಕಲು ಮುಗಿಯಲಿ ಎಂದೆ. ಆಮೇಲೆ ಕಣ್ಣಿನ ಪೊರೆಯ ಆಪರೇಷನ್ ಆಗಲಿ, ಅಕ್ಷರ ಸರಿಯಾಗಿ ಕಾಣುವಾಗ ಬರೆಯುತ್ತೇನೆ ಎಂದೆ. ಈಗ ಎರಡು ಕಣ್ಣೂ ಚೆನ್ನಾಗಿ ಕಾಣುತ್ತವೆ. ಹೇಳಲು ಬೇರೆ ನೆವ ಉಳಿದಿಲ್ಲ.

ನಾನು ಹತ್ತನೆಯ ತರಗತಿಯವರೆಗೆ ಓದಿದವನು. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕಂಡಕ್ಟರ್ ಆಗಿದ್ದೆ. ಮನೆ ಕಾಪುವಿನ ಒಳಗೆ. ಮನೆಯ ಮುಂದೆ ಈಗ ಯಾರೂ ಬೇಸಾಯ ಮಾಡದ ಒಂದು ಗದ್ದೆ, ಗದ್ದೆಯ ಆಚೆ ನನ್ನ ಸ್ನೇಹಿತನ ಮನೆ. ಅವನು ಪೋಸ್ಟ್‌ಮ್ಯಾನ್ ಆಗಿದ್ದು ನಿವೃತ್ತನಾದವನು. ನಾವಿಬ್ಬರೂ ಬೆಳಿಗ್ಗೆ ಕಟಪಾಡಿಗೆ ಹೋಗಿ, ಅಲ್ಲಿ ನಮ್ಮದೇ ಪ್ರಾಯದ ಒಬ್ಬ ಟೈಲರನ ಅಂಗಡಿಯ ಬೆಂಚಿನಲ್ಲಿ ಕೂರುತ್ತಿದ್ದೆವು. ಟೈಲರನ ಮಿಷನು ದಿನಕ್ಕೆ ಹತ್ತು ನಿಮಿಷ ಓಡಿದರೆ ಹೆಚ್ಚು. ಉಳಿದ ಹೊತ್ತು ಅವನ ಬಾಯಿ ಓಡುತ್ತಿತ್ತು.

ಆ ಬೆಂಚಿನಲ್ಲಿ ನಮಗೊಂದು ನಿಯಮ ಇತ್ತು. ಆ ವಾರ ಯಾರ ಮನೆಯಲ್ಲಿ ದೊಡ್ಡ ರಿಪೇರಿ ಬಂದಿದೆಯೋ ಅವನು ಚಾದ ದುಡ್ಡು ಕೊಡಬೇಕಾಗಿಲ್ಲ. ಹಾಗಾಗಿ ನಾವು ನಮ್ಮ ನಷ್ಟಗಳನ್ನು ಒಂದಿಷ್ಟು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆವು.

"ನನ್ನ ಫ್ರಿಜ್ಜಿನ ಗ್ಯಾಸು ಹೋಗಿದೆ," ಎಂದು ಟೈಲರ್ ಹೇಳಿದರೆ ಸ್ನೇಹಿತ ಬಿಡುತ್ತಿರಲಿಲ್ಲ.

"ಬರೀ ಗ್ಯಾಸಿಗೆಲ್ಲ ಚಾ ಇಲ್ಲ ಮಾರಾಯ. ಕಂಪ್ರೆಸರ್ ಹೋಗಲಿ, ಆಗ ನೋಡುವ."

"ಒಳ್ಳೆಯ ಮಾತು ಬರುವುದೇ ಇಲ್ವಾ ನಿನ್ನ ಬಾಯಲ್ಲಿ?"

"ಒಳ್ಳೆಯ ಮಾತೆಲ್ಲ ಕಾಗದದಲ್ಲಿ ಹಂಚಿ ಮುಗಿಯಿತು."

ಸೋರುವ ತಾರಸಿ, ನಿಂತ ಮಿಕ್ಸಿ, ಇಲಿ ಕಡಿದ ವಾಷಿಂಗ್ ಮಿಷನ್ನಿನ ಪೈಪು, ಎಲ್ಲವೂ ಅಲ್ಲಿ ಬರುತ್ತಿತ್ತು. ಮನೆಯಲ್ಲಿ ತಲೆಬಿಸಿಯಾದದ್ದು ಬೆಂಚಿಗೆ ಬಂದರೆ ನಗುವಾಗುತ್ತಿತ್ತು. ಅದರಿಂದ ಯಾರಿಗೂ ಕೆಡುಕಾಗುತ್ತದೆ ಎಂದು ನಾನು ಎಣಿಸಿರಲಿಲ್ಲ.

ಬಾವಿಯ ಮೋಟರಿಗೆ ರಿಮೋಟ್ ಹಾಕಿಸುವ ಯೋಚನೆ ನನ್ನದೇ. ಹೆಂಡತಿಯ ಮಲ್ಲಿಗೆ ಗಿಡಗಳಿಗೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಊಟವಾದ ಮೇಲೆ ಒಮ್ಮೆ ನೀರು ಬಿಡುವುದು ನನ್ನ ಕೆಲಸ. ಪ್ರತಿ ಸಲ ಬಾವಿಯವರೆಗೆ ನಡೆಯಲು ಮೊಣಕಾಲು ಕೇಳುತ್ತಿರಲಿಲ್ಲ. ಉಡುಪಿಯ ಒಂದು ಅಂಗಡಿಯವನು ಎರಡು ಸೆಟ್ ತೆಗೆದುಕೊಂಡರೆ ಕಡಿಮೆ ಮಾಡುತ್ತೇನೆ ಎಂದ. ನಾನು ಸ್ನೇಹಿತನನ್ನು ಒತ್ತಾಯಿಸಿ ಅವನ ಮನೆಗೂ ಒಂದು ಹಾಕಿಸಿದೆ. ಮೋಟರಿನ ವಯರಿಗೆ ಸೇರಿಸುವ ಒಂದು ಸಣ್ಣ ಡಬ್ಬಿ, ಕೈಯಲ್ಲಿ ಹಿಡಿಯಲು ಒಂದು ರಿಮೋಟ್, ಅದರಲ್ಲಿ ಒಂದೇ ಗುಂಡಿ. ಒತ್ತಿದರೆ ಮೋಟರು ಚಾಲೂ, ಮತ್ತೆ ಒತ್ತಿದರೆ ಬಂದ್. ಡಬ್ಬಿಯ ಮೇಲೆಯೂ ಅಂಥದೇ ಒಂದು ಗುಂಡಿ ಇತ್ತು.

ಸ್ನೇಹಿತನ ಹೆಂಡತಿಗೆ ರಿಮೋಟ್ ಇಷ್ಟವಾಗಲಿಲ್ಲ. ಅದು ಪ್ಲಾಸ್ಟಿಕ್ ಕವರಿನೊಳಗೇ ಕಪಾಟು ಸೇರಿತು. ಅವರು ಹಿಂದಿನ ಜಗಲಿಗೆ ಬಂದು, ಗೋಡೆಯಲ್ಲಿದ್ದ ಡಬ್ಬಿಯ ಗುಂಡಿಯನ್ನೇ ಒತ್ತುತ್ತಿದ್ದರು. ಅವರು ಪ್ರಾಯದಲ್ಲಿ ನನಗಿಂತ ಚಿಕ್ಕವರು. ಆದರೂ ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ.

ಕೆಲವು ದಿನಗಳಲ್ಲೇ ಆ ಮನೆಯಲ್ಲಿ ಸರಿಯಿಲ್ಲದ್ದು ಶುರುವಾಯಿತು. ಟ್ಯಾಂಕಿ ತುಂಬಿ ನೀರು ಕೆಳಗೆ ಬೀಳುತ್ತಿರುತ್ತಿತ್ತು. ಅಕ್ಕ ಬಂದ್ ಮಾಡಿ ಒಳಗೆ ಹೋದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮೋಟರು ಓಡುತ್ತಿರುತ್ತಿತ್ತು. ಇನ್ನೊಂದು ದಿನ ಅವರು ಚಾಲೂ ಮಾಡಿ ಬಟ್ಟೆ ಒಗೆಯಲು ಕೂತರೆ ನಲ್ಲಿಯಲ್ಲಿ ನೀರಿಲ್ಲ, ಮೋಟರು ತನ್ನಷ್ಟಕ್ಕೆ ನಿಂತಿದೆ. ಎಲೆಕ್ಟ್ರಿಷಿಯನ್ ಬಂದು ನೋಡಿ, ವಯರಿಂಗ್ ಸರಿ ಉಂಟು, ಡಬ್ಬಿಯೂ ಸರಿ ಉಂಟು ಎಂದು ಹೇಳಿ ಹೋದ. ಮಾರ್ಚ್ ತಿಂಗಳಲ್ಲಿ ಬಾವಿಯ ನೀರು ಇಳಿದಿತ್ತು. ಇಬ್ಬರೂ ಮದುವೆಗೆ ಹೋದ ಒಂದು ಮಧ್ಯಾಹ್ನ ಮೋಟರು ನೀರಿಲ್ಲದೆ ಓಡಿ ಕಾಯಿಲ್ ಸುಟ್ಟಿತು. ರಿವೈಂಡಿಂಗ್ ಮಾಡಿಸಿ ಕೂರಿಸಿದರೆ ತಿಂಗಳೊಳಗೆ ಮತ್ತೆ ಸುಟ್ಟಿತು, ಮತ್ತೆ ಮಾಡಿಸಬೇಕಾಯಿತು.

ಬೆಂಚಿನಲ್ಲಿ ಸ್ನೇಹಿತ ವಾರವಾರವೂ ಪುಕ್ಕಟೆ ಚಾ ಕುಡಿದ.

"ಅವಳು ಬಂದ್ ಮಾಡಿದೆ ಅಂತಾಳೆ. ಆಣೆ ಮಾಡ್ತಾಳೆ. ಆದರೆ ಮನೆಯಲ್ಲಿ ಬೇರೆ ಯಾರುಂಟು?" ಎಂದ ಒಂದು ದಿನ.

"ಯಾರೂ ಇಲ್ಲದಿದ್ದರೆ ಅದು ಮಧ್ಯಾಹ್ನ ತಿರುಗುವ ಜನ," ಎಂದ ಟೈಲರ್. "ಒಂದು ಪ್ರಶ್ನೆ ಇಡಿಸು. ಜೋಯಿಸರಿಗೂ ಒಂದು ಚಾ ಆಗಲಿ."

ನಾನು ಜಾಣನ ಹಾಗೆ ಹೇಳಿದೆ. "ದೆವ್ವವೂ ಇಲ್ಲ, ಎಂತದ್ದೂ ಇಲ್ಲ. ಅಕ್ಕನಿಗೆ ಮರೆವು ಶುರುವಾಗಿದೆ. ಮಣಿಪಾಲದ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸು. ಇವತ್ತು ಮೋಟರು, ನಾಳೆ ಗ್ಯಾಸ್ ಒಲೆ."

ಸ್ನೇಹಿತನ ಮುಖ ಸಣ್ಣದಾಯಿತು. ಆ ಮಾತು ಅವನೊಂದಿಗೆ ಮನೆಗೆ ಹೋಯಿತು.

ನನ್ನ ಹೆಂಡತಿ ಮಾತ್ರ ಒಪ್ಪಲಿಲ್ಲ. "ಅವಳಿಗೆ ಎಂತ ಮರೆವು? ನಮ್ಮ ಮಗಳ ಮದುವೆಗೆ ನಾನು ಉಟ್ಟ ಸೀರೆಯ ಕುಚ್ಚಿನ ಬಣ್ಣ ನನಗೆ ನೆನಪಿಲ್ಲ, ಅವಳಿಗೆ ನೆನಪುಂಟು," ಎಂದಳು.

ಒಮ್ಮೆ ತೆಂಗಿನಕಾಯಿ ಕೊಡಲು ಹೋದಾಗ ನಾನು ಆ ಹಿಂದಿನ ಜಗಲಿಯನ್ನು ನೋಡಿದೆ. ಡಬ್ಬಿಯ ಪಕ್ಕದ ಗೋಡೆಯ ತುಂಬ ಸೀಮೆಸುಣ್ಣದ ಗೆರೆಗಳು. ಚಾಲೂ ಮಾಡಿದಾಗ ಒಂದು ಗೆರೆ, ಬಂದ್ ಮಾಡಿದಾಗ ಅದರ ಮೇಲೊಂದು ಅಡ್ಡ ಗೆರೆ. ಒಂದು ಗೆರೆಯೂ ಅರ್ಧಕ್ಕೆ ಉಳಿದಿರಲಿಲ್ಲ. ಅಕ್ಕ ಡಬ್ಬಿಯ ಮುಂದೆ ನಿಂತಿದ್ದರು. ಬೆರಳು ಗುಂಡಿಯಿಂದ ಒಂದಿಷ್ಟೇ ದೂರದಲ್ಲಿತ್ತು. "ನಾನು ಬಂದ್ ಮಾಡ್ತಾ ಇದ್ದೇನೆ. ಮಾಡಿದೆ. ಈಗ ಬಂದ್ ಆಗಿದೆ," ಎಂದು ಗಟ್ಟಿಯಾಗಿ ಹೇಳಿದರು. ನನಗಲ್ಲ, ನಾನು ಬಂದದ್ದನ್ನು ಅವರು ನೋಡಿರಲಿಲ್ಲ. ಎಲೆಯೂ ಅಲ್ಲಾಡದ ಬಿಸಿಲು. ಅವರು ಕೈ ಕೆಳಗಿಳಿಸಲೇ ಇಲ್ಲ. ಆ ಸದ್ದು ಮತ್ತೆ ಬರುತ್ತದೋ ಎಂದು ಕಾಯುತ್ತ ಹಾಗೆಯೇ ನಿಂತರು. ನಾನು ಕಾಯಿಗಳನ್ನು ಮೆಟ್ಟಿಲ ಮೇಲಿಟ್ಟು, ಕರೆಯದೆ ಹಿಂದಿರುಗಿದೆ.

ಏಪ್ರಿಲ್ ಕೊನೆಯ ಒಂದು ಸೋಮವಾರ ಸ್ನೇಹಿತ ಅವರನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದ. ಡಾಕ್ಟರು ದೊಡ್ಡದು ಏನೂ ಕಾಣುವುದಿಲ್ಲ ಎಂದರಂತೆ. ನಿದ್ರೆ ಸರಿಯಿಲ್ಲ, ಹೆದರಿಕೆ ಉಂಟು ಎಂದು ಒಂದು ಮಾತ್ರೆ ಬರೆದುಕೊಟ್ಟು, ತಿಂಗಳು ಬಿಟ್ಟು ಬನ್ನಿ ಎಂದರಂತೆ.

ಅದೇ ವಾರ ನನ್ನ ಮೋಟರಿನ ಬೇರಿಂಗ್ ಹೋಯಿತು. ಮೆಕ್ಯಾನಿಕ್ ಮೋಟರನ್ನು ಬಿಚ್ಚಿ ಕೊಂಡುಹೋದ. ಬುಧವಾರ ಊಟ ಮಾಡಿ ಎದ್ದವನು ಅಭ್ಯಾಸದಂತೆ ಅಂಗಳಕ್ಕೆ ಬಂದು ರಿಮೋಟ್ ಒತ್ತಿದೆ. ಒತ್ತಿದ ಮೇಲೆ ಮೋಟರೇ ಇಲ್ಲ ಎಂಬುದು ನೆನಪಾಯಿತು. ಆದರೂ ಮೋಟರಿನ ಸದ್ದು ಬಂತು.

ಗದ್ದೆಯ ಆಚೆಯಿಂದ ಬಂತು.

ಪ್ರತಿ ದಿನ ಅದೇ ಹೊತ್ತಿಗೆ ನನ್ನ ಮೋಟರಿನ ಸದ್ದು ಕಿವಿ ತುಂಬುತ್ತಿದ್ದುದರಿಂದ ಅದು ನನಗೆ ಕೇಳಿಸಿರಲಿಲ್ಲ. ನಾನು ಮತ್ತೆ ಒತ್ತಿದೆ. ಆಚೆಯ ಸದ್ದು ನಿಂತಿತು. ಎಷ್ಟು ಮೌನವಾಯಿತೆಂದರೆ ಅವರ ಟ್ಯಾಂಕಿಯ ಪೈಪಿನಿಂದ ಕೊನೆಯ ನೀರು ಕಲ್ಲಿನ ಮೇಲೆ ಬೀಳುವುದೂ ಕೇಳಿಸಿತು. ಇಷ್ಟು ದಿನ ಆ ಮನೆಯಲ್ಲಿ ತಿರುಗಾಡಿದ್ದು ಯಾವುದೆಂದು ನನಗೆ ಗೊತ್ತಾಯಿತು. ಅದು ನನ್ನ ಹೆಬ್ಬೆರಳು. ಅಕ್ಕ ಸದ್ದು ಕೇಳಿ ಓಡಿಬಂದು ಬಂದ್ ಮಾಡಿದ ದಿನಗಳಲ್ಲಿ, ಆಮೇಲೆ ನಾನು ನನ್ನ ಮೋಟರು ನಿಲ್ಲಿಸಲು ಒತ್ತಿದಾಗ ಅವರದು ಮತ್ತೆ ಶುರುವಾಗಿದೆ. ಅವರು ಸರಿಯಾದದ್ದನ್ನು ಮಾಡಿದ್ದರಿಂದಲೇ ತಪ್ಪು ಅವರ ತಲೆಗೆ ಬಂದಿದೆ.

ಮೊದಲ ಸಲ ಒತ್ತಿದ್ದು ತಿಳಿಯದೆ, ಎರಡನೆಯ ಸಲ ಅನುಮಾನದಿಂದ. ಮೂರನೆಯ ಸಲ ನಾನು ತಿಳಿದೇ ಒತ್ತಿದೆ. ನಿಜವೋ ಎಂದು ಇನ್ನೊಮ್ಮೆ ನೋಡಬೇಕಿತ್ತು ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ನನಗೆ ಆಗಲೇ ಖಾತ್ರಿಯಾಗಿತ್ತು. ಅಷ್ಟು ದೂರದ ವಸ್ತುವೊಂದು ನನ್ನ ಬೆರಳಿಗೆ ಕುಣಿಯುವುದರಲ್ಲಿ ಎಂಥದೋ ಒಂದು ಖುಷಿ ಇತ್ತು. ಒತ್ತಿದೆ. ಸದ್ದು ಬಂತು. ಅದರ ಹಿಂದೆಯೇ ಅಕ್ಕನ ಸ್ವರ ಬಂತು.

"ನಾನಲ್ಲ! ನಾನು ಮುಟ್ಟಲಿಲ್ಲ! ನಾನು ಇಲ್ಲಿ ದೂರ ನಿಂತಿದ್ದೇನೆ, ನೋಡಿ!"

ಸ್ನೇಹಿತ ಆ ಹೊತ್ತು ಬ್ಯಾಂಕಿಗೆ ಹೋಗಿದ್ದ. ಮನೆಯಲ್ಲಿ ಅವರ ಮಾತು ಕೇಳುವವರು ಯಾರೂ ಇರಲಿಲ್ಲ. ಯಾರನ್ನು ನೋಡಿ ಎಂದರೋ ಗೊತ್ತಿಲ್ಲ. ನಾನು ರಿಮೋಟನ್ನು ಒತ್ತಿ ನಿಲ್ಲಿಸಿ, ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಆಗಲೇ ಗದ್ದೆ ದಾಟಿ ಹೋಗಬಹುದಿತ್ತು. ಎರಡು ನಿಮಿಷದ ದಾರಿ. ಆದರೆ ಬೆಂಚಿನಲ್ಲಿ ಮರೆವು ಎಂದವನು ನಾನು, ಮಣಿಪಾಲ ಎಂದವನು ನಾನು, ಸೆಟ್ ಕೊಳ್ಳಿಸಿದವನೂ ನಾನು. ಎರಡು ಸಲ ಸುಟ್ಟ ಮೋಟರು ಬೇರೆ. ಟೈಲರ್ ಇದನ್ನು ಹಿಡಿದುಕೊಂಡು ವರ್ಷವಿಡೀ ನಗುತ್ತಾನೆ ಎಂಬುದೂ ಮನಸ್ಸಿಗೆ ಬಂತು. ಮರುದಿನ ನನ್ನ ಡಬ್ಬಿಯನ್ನೂ ರಿಮೋಟನ್ನೂ ಬಿಚ್ಚಿಕೊಂಡು ಉಡುಪಿಗೆ ಹೋದೆ. ಅಂಗಡಿಯವನು ಡಬ್ಬಿ ತಿರುಗಿಸಿ ನೋಡಿ, "ಈ ಲಾಟಿನ ಕೆಲವು ರಿಮೋಟುಗಳಿಗೆ ಕೋಡ್ ಒಂದೇ ಬಿದ್ದಿದೆ. ಹತ್ತಿರದಲ್ಲಿ ಇನ್ನೊಂದು ಉಂಟಾ?" ಎಂದು ಕೇಳಿದ. "ಗೊತ್ತಿಲ್ಲ," ಎಂದೆ. ಐದು ನಿಮಿಷದಲ್ಲಿ ಕೋಡ್ ಬದಲಿಸಿ ಕೊಟ್ಟ.

ಇನ್ನು ತೊಂದರೆ ಇಲ್ಲವಲ್ಲ, ಹೇಳಿ ಏನಾಗಬೇಕು ಎಂದು ನಾನು ಸಮಾಧಾನ ಮಾಡಿಕೊಂಡೆ. ಮುಂದೆ ಏನಾಗುತ್ತದೆ ಎಂದು ಯೋಚಿಸಲಿಲ್ಲ.

ಮುಂದಿನ ವಾರದ ಕೊನೆಗೆ ಸ್ನೇಹಿತ ಬೆಂಚಿಗೆ ನಗುತ್ತ ಬಂದ. "ಮಾತ್ರೆ ನಾಟಿತು ಮಾರಾಯ! ಒಂದು ವಾರದಿಂದ ಮೋಟರು ಒಮ್ಮೆಯೂ ತಪ್ಪಿಲ್ಲ. ನೀನು ಹೇಳದಿದ್ದರೆ ನಾನು ತೋರಿಸ್ತಾ ಇರಲಿಲ್ಲ."

"ಹಾಗಾದರೆ ನಿನ್ನ ಪುಕ್ಕಟೆ ಚಾ ಬಂದ್," ಎಂದ ಟೈಲರ್.

"ಬಂದ್ ಆಗಲಿ. ಇವತ್ತು ಎಲ್ಲರಿಗೂ ನನ್ನದು. ಗೋಳಿಬಜೆಯೂ ಹೇಳು."

ನಾನು ಆ ಚಾ ಕುಡಿದೆ. ಗೋಳಿಬಜೆಯನ್ನೂ ತಿಂದೆ.

ಮಾತ್ರೆ ತೆಗೆದುಕೊಂಡ ಮೇಲೆ ಮೋಟರು ಸರಿಯಾದದ್ದರಿಂದ, ಮೊದಲು ಕೆಟ್ಟಿದ್ದು ತನ್ನ ತಲೆಯೇ ಎಂಬುದು ಅಕ್ಕನಿಗೆ ಖಾತ್ರಿಯಾಯಿತು. ಅಲ್ಲಿಯವರೆಗೆ ಅವರು ವಾದಿಸುತ್ತಿದ್ದರು, ಗೆರೆ ಎಳೆಯುತ್ತಿದ್ದರು. ಈಗ ಗೋಡೆಯನ್ನು ಒದ್ದೆ ಬಟ್ಟೆಯಿಂದ ತಾವೇ ಒರೆಸಿದರಂತೆ. ಗ್ಯಾಸ್ ಹಚ್ಚುವುದನ್ನು ಬಿಟ್ಟರು. ದೀಪದ ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ. ಮಳೆಗಾಲದ ಹೊತ್ತಿಗೆ ಸ್ನೇಹಿತ ಅವರನ್ನು ಕಾರ್ಕಳಕ್ಕೆ, ಅವರ ತಂಗಿಯ ಮನೆಗೆ ಬಿಟ್ಟುಬಂದ. "ನನಗೂ ಆಗಬೇಕಲ್ಲ, ಇಪ್ಪತ್ತನಾಲ್ಕು ಗಂಟೆ ಕಾಯಲಿಕ್ಕೆ," ಎಂದ. ಆಗ ಅವನು ನಗಲಿಲ್ಲ.

ನಾನು ಅವರನ್ನು ನೋಡಲು ಒಮ್ಮೆ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಹಗಲು ಹನ್ನೆರಡು ಗಂಟೆ. ತಂಗಿ ಅಡುಗೆ ಮನೆಯಲ್ಲಿದ್ದರು. ಅಕ್ಕ ಚಾವಡಿಯಲ್ಲಿ ಕೈಗಳೆರಡನ್ನೂ ಮಡಿಲಲ್ಲಿಟ್ಟು, ಆ ಕೈಗಳು ಬೇರೆ ಯಾರದೋ ಎಂಬಂತೆ ಕೂತಿದ್ದರು. ನನ್ನನ್ನು ನೋಡಿ ನಕ್ಕರು. ಹೆಂಡತಿಯ ಬಿ.ಪಿ., ಮಗಳ ಹೊಸ ಮನೆಯ ಬಾಗಿಲಿನ ಮರ, ನನ್ನ ಮೊಣಕಾಲು, ಎಲ್ಲವನ್ನೂ ಒಂದೂ ಬಿಡದೆ ನೆನಪಿಟ್ಟು ಕೇಳಿದರು. ಆಮೇಲೆ ತಲೆ ಎತ್ತಿ ಮೇಲೆ ನೋಡಿ, ಸ್ವರ ತಗ್ಗಿಸಿದರು.

"ಅಣ್ಣ, ಈ ಫ್ಯಾನು ಈಗ ತಿರುಗ್ತಾ ಉಂಟಾ?"

ಫ್ಯಾನು ತಿರುಗುತ್ತಿತ್ತು. ಅವರ ನೆರೆತ ಕೂದಲು ಅದರ ಗಾಳಿಗೆ ಹಾರುತ್ತಿತ್ತು.

"ಉಂಟು ಅಕ್ಕ."

"ಹಾಗಾದರೆ ಸರಿ. ನನಗೂ ಹಾಗೆಯೇ ಕಾಣ್ತದೆ." ಫ್ಯಾನಿನಿಂದ ಕಣ್ಣು ಇಳಿಸಿ ನನ್ನನ್ನು ನೋಡಿದರು. "ನಿಮ್ಮ ಮನೆ ಹತ್ತಿರ ಅಲ್ವಾ? ನೀವು ಅಂಗಳದಲ್ಲೇ ಇರ್ತಿದ್ರಿ. ಆ ಮೋಟರು ನಾನು ಹಾಕಿದ್ದಾ, ನಾನು ಹಾಕಿದ್ದಲ್ವಾ, ನಿಮಗೆ ಏನಾದರೂ ಗೊತ್ತುಂಟಾ?"

ಇಷ್ಟು ನೇರವಾಗಿ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಹೌದು ಎನ್ನಲು ಒಂದು ಉಸಿರು ಸಾಕಿತ್ತು. ಒಳಗಿನಿಂದ ತಂಗಿ ಲೋಟಗಳನ್ನು ತರುವ ಸದ್ದು ಕೇಳಿಸಿತು.

"ಪ್ರಾಯ ಆದ ಹಾಗೆ ಎಲ್ಲರಿಗೂ ಹಾಗೆಯೇ ಅಕ್ಕ," ಎಂದೆ. "ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ."

ಅವರು ಹೌದೆಂದು ತಲೆಯಾಡಿಸಿದರು. ಕೊನೆಯದಾಗಿ ಒಬ್ಬನನ್ನು ಕೇಳಿ ನೋಡಿದವರ ಹಾಗೆ ತಲೆಯಾಡಿಸಿದರು. ಮತ್ತೆ ಅವರು ಅದನ್ನು ಕೇಳಲಿಲ್ಲ.

ಸ್ನೇಹಿತನಿಗೆ ನಾನು ಇನ್ನೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ. ಇದನ್ನು ಓದಿದರೆ ಇಬ್ಬರಿಗೂ ತಿಳಿಯುತ್ತದೆ, ತಿಳಿಯಲಿ. ಆದರೆ ಇಲ್ಲಿ ಬರೆದದ್ದು ಅವರ ಎದುರು ಹೇಳಿದ ಹಾಗೆ ಆಗುವುದಿಲ್ಲ ಎಂಬುದು ನನಗೆ ಗೊತ್ತು. ನಾನು ಕ್ಷಮೆ ಕೇಳದೆ ಉಳಿದಿರುವುದು ಕಾರ್ಕಳದಲ್ಲಿ ತಂಗಿಯ ಮನೆಯಲ್ಲಿರುವ, ನನ್ನ ಸ್ನೇಹಿತನ ಹೆಂಡತಿಯಲ್ಲಿ, ಆ ಅಕ್ಕನಲ್ಲಿ.